ಹೆಗ್ಗಣ, ಭಾಗ ಹದಿನಾಲ್ಕು

ಪೆನ್ಷನ್ ಮೊಹಲ್ಲಾದ ಇನಾಯತ್ ಭಾಯ್ ಅಂಗಡಿಯಲ್ಲಿ
ನಾಲ್ಕು ಟೀವಿ, ಅರ್ಧ ಗಂಟೆಗೆ ಎರಡು ರೂಪಾಯಿ.
ಕರೆಂಟು ಹೋದರೆ ಆ ನಿಮಿಷ ಲೆಕ್ಕಕ್ಕಿಲ್ಲ.
ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ,
ಟ್ಯೂಷನ್ ಚೀಲ ಕಾಲ ನಡುವೆ ಒತ್ತಿಟ್ಟುಕೊಂಡು.

ಅದರ ಜಪಾನೀ ಹೆಸರು ಯಾರಿಗೂ ಓದಲು ಬಾರದೆ
ಹೆಗ್ಗಣ ಎಂದೆವು.
ನೀಲಿ ಚಡ್ಡಿ, ಕೈಯಲ್ಲೊಂದು ಗುದ್ದಲಿ,
ನೆಲ ಅಗೆಯುತ್ತ ಅಗೆಯುತ್ತ ಕೆಳಕ್ಕೆ.
ಕ್ಯಾಸೆಟ್ಟು ಮೊಂಡು ಹಿಡಿದರೆ ಕಿತ್ತು ಊದುತ್ತಿದ್ದೆ,
ಅಮ್ಮ ಹಸಿ ಸೌದೆಗೆ ಊದುಕೊಳವೆ ಊದುವ ಹಾಗೆ,
ಕಣ್ಣು ಮುಚ್ಚಿ, ಕೆನ್ನೆ ತುಂಬಿ.
ಹತ್ತಿಕೊಳ್ಳುತ್ತಿತ್ತು.

ಏಳನೇ ಹಂತದಲ್ಲಿ ಎಡಗಡೆಗೊಂದು ಗೋಡೆ.
ಒಂದು ಸಂಜೆ, ಸೋತ ಸಿಟ್ಟಿಗೆ, ಸುಮ್ಮನೆ ಗುದ್ದಿದೆ.
ಗೋಡೆಯೊಳಗಿಂದ ದಾಟಿ ಹೋಯಿತು ಹೆಗ್ಗಣ.
ಆಚೆಗೊಂದು ಕೋಣೆ.
ಹಾವಿಲ್ಲ, ನಾಣ್ಯವಿಲ್ಲ, ಅಂಕವಿಲ್ಲ.
ಒಂದು ಕುರ್ಚಿ.
ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.
ದುಡ್ಡು ಮುಗಿಯುವ ತನಕ ಅಲ್ಲೇ ನಿಲ್ಲಿಸಿಕೊಂಡಿದ್ದೆ ಅದನ್ನು.
ಯಾರೋ ಇದನ್ನು ಏನಕ್ಕೂ ಅಲ್ಲದೆ ಮಾಡಿದ್ದಾರೆ
ಅನ್ನಿಸಿ, ಹದಿಮೂರರ ಮೈ ಜುಂ ಎಂದಿತ್ತು.

ಈಗ ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಇಂಜಿನಿಯರಿಂಗ್ ಹುಡುಗರು ಸೀನಿಯರ್‌ಗಳ ಪ್ರಾಜೆಕ್ಟಿಗೆ
ಹೊಸ ರಟ್ಟು ಹಾಕಿಸಿಕೊಂಡು ಹೋಗುತ್ತಾರೆ,
ಚಿನ್ನದ ಅಕ್ಷರ ಬೇಕಾದರೆ ನಲವತ್ತು ಹೆಚ್ಚು.
ಯಾರು ಬರೆದದ್ದೆಂದು ನಾನು ಕೇಳುವುದಿಲ್ಲ.

ಹೋದ ತಿಂಗಳು ಬಂತು ಭಾಗ ಹದಿನಾಲ್ಕು.
ನಾಲ್ಕೂವರೆ ಸಾವಿರ, ಚೀಟಿ ಎತ್ತಿದ ದುಡ್ಡು;
ಗಂಡನಿಗೆ ಎರಡು ಎಂದೆ.
ಹೆಗ್ಗಣದ ರೋಮ ರೋಮವೂ ಬೇರೆ ಬೇರೆ ಅಲ್ಲಾಡುತ್ತದೆ.
ಮಣ್ಣು ಥೇಟ್ ಮಣ್ಣು.
ಎಲ್ಲಿ ಅಗೆಯಬೇಕೆಂದು ಬಾಣ ತೋರಿಸುತ್ತದೆ,
ಅಗೆದರೆ ಚಪ್ಪಾಳೆ,
ಅಗೆಯದಿದ್ದರೂ, ಪರವಾಗಿಲ್ಲ, ಚಪ್ಪಾಳೆ.
ಮೂರು ರಾತ್ರಿ ಎಡಗಡೆಯ ಗೋಡೆಗಳನ್ನೆಲ್ಲ ಗುದ್ದಿದೆ.
ಗೋಡೆ ಗೋಡೆಯೇ.

ಕಂಪನಿಗೆ ನಲವತ್ತು ದಾಟಿದೆ. ನನಗೂ.
ಅವರ ಕಿಡಿ ಆರಿತು ಎಂದು ತೀರ್ಪು ಕೊಟ್ಟೆ,
ಬೈಂಡಿಂಗಿನ ಗೋಂದು ಬೆರಳಲ್ಲಿ ಒಣಗುತ್ತಿರುವಾಗ.
ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದಾಗ
ಹೋದ ವರ್ಷದ ದೀಪ ಉರಿಯುತ್ತಲೇ ಇರುತ್ತದಂತೆ;
ಐದು ಗಂಟೆ ಸರದಿಯಲ್ಲಿ ನಿಂತು
ನಾನೂ ಕೈ ಮುಗಿದು ಬಂದವಳೇ.
ಎಣ್ಣೆಯ ಮಾತು ಅಲ್ಲಿ ಎತ್ತದವಳು
ಇಲ್ಲಿ ಮಾತ್ರ ಲೆಕ್ಕ ಕೇಳುತ್ತಿದ್ದೇನೆ.

ಇನಾಯತ್ ಭಾಯ್ ಈಗ ಮಿಕ್ಸಿ ರಿಪೇರಿ ಮಾಡುತ್ತಾರೆ.
ದೂರು ಹೇಳಲು ಹೋದೆ. ಜಾರಿನ ಬುಷ್ ಬಿಚ್ಚುತ್ತ ನಕ್ಕರು.
“ಆ ಕೋಣೆನಾ? ಅದು ಕಂಪನಿದಲ್ಲಮ್ಮ.
ನಮ್ ಕ್ಯಾಸೆಟ್ಟೆಲ್ಲ ಡೂಪ್ಲಿಕೇಟು.
ಒಂದರೊಳಗೆ ನಾಲ್ಕು ಆಟ ತುರುಕಕ್ಕೆ
ಅಲ್ಲಲ್ಲಿ ಕತ್ತರಿ ಹಾಕೋರು.
ಬೇರೆ ಯಾವ್ದೋ ಆಟದ ಕುರ್ಚಿ, ಅಲ್ಲುಳ್ಕೊಂಡಿತ್ತು.
ಒರಿಜಿನಲ್ಲಲ್ಲಿ ಗೋಡೆ ಗೋಡೆನೇ.”

ನೀರಿನ ಸದ್ದು?

“ಸ್ಪೀಕರ್ ಹರಿದಿತ್ತು.”
ಸ್ಕ್ರೂ ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.
“ಮತ್ತೆ ನೀನು ಊದ್ತಿದ್ದೆಯಲ್ಲ, ಊದಬಾರದಾಗಿತ್ತು.
ಉಸಿರಿನ ಪಸೆಗೆ ಪಿನ್ನು ತುಕ್ಕು ಹಿಡಿಯುತ್ತೆ.
ಹಂಗೇ ಹೋದವು ಅಷ್ಟೂ.”

ವಾಪಸು ಬಂದರೆ ಶಟರಿನ ಮುಂದೆ ಒಬ್ಬ ಹುಡುಗ,
ನಿನ್ನೆ ಒಯ್ದ ಬೈಂಡು ಬಿಚ್ಚಿ ಹಿಡಿದುಕೊಂಡು.
ನಡುವೆ ಒಂದು ಹಾಳೆ ಖಾಲಿ ಬಂದಿದೆ ಮೇಡಂ, ಅಂದ.
ಬ್ಲೇಡು ಹುಡುಕುತ್ತ,
ಕಿತ್ತು ಕೊಡಲಾ ಅಂದೆ.
ಇರಲಿ ಬಿಡಿ, ಅಂದ,
ಇನ್ನೂ ಅದೇ ಹಾಳೆ ನೋಡುತ್ತ.